ಹನುಮಸಾಗರಕ್ಕೆ ಹೊರಟ ಹುಳಿ ಹಿಟ್ಟು

ಹಿಟ್ಟು ಮತ್ತು ನೀರು. ಬೇಕಾದದ್ದು ಇವೆರಡೇ. ಎರಡನ್ನೂ ಗಾಜಿನ ಬಾಟಲಿಯಲ್ಲಿ ಕಲಸಿಟ್ಟು ದಿನಾ ಒಂದು ಕಣ್ಣು ಇಟ್ಟಿರುವುದಕ್ಕೆ ಯಾವ ಮಹಾ ವಿದ್ಯೆ ಬೇಕು ಹೇಳಿ! ನಾನು ಮಕ್ಕಳನ್ನು ಸಾಕಿದವಳು. ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ಚೇಳುಗಳ ಜೊತೆ ಸಂಸಾರ ಮಾಡಿದವಳು. ಎಲ್ಲಕ್ಕಿಂತ ಮಿಗಿಲಾಗಿ ಕಾನ್ವೆಂಟಿನಲ್ಲಿ ಓದಿದವಳು. ಇಂಥವಳಿಗೆ ಒಂದು ಮುಷ್ಟಿ ಹಿಟ್ಟು ಯಾವ ಲೆಕ್ಕ ಎಂದುಕೊಂಡಿದ್ದೆ. ಈಗ ಹಾಗೆಲ್ಲ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಸಂಗತಿ ಶುರುವಾದದ್ದು ಒಂದು ಫೋನಿನಿಂದ. ನನ್ನ ಮೊಮ್ಮಗಳು ಪಲ್ಲವಿಯನ್ನು ಹನುಮಸಾಗರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಒಂದು ಮಧ್ಯಾಹ್ನ ಫೋನ್ ಮಾಡಿ, ಅಳುವ ದನಿಯಲ್ಲಿ, “ಆಯಿ, ನನಗ ಹುಳಿ ಬ್ರೆಡ್ ತಿನಬೇಕು ಅನಸೇತಿ” ಅಂದಳು.

“ಬ್ರೆಡ್ಡಿಗೆ ಹುಳಿ ಯಾಕ ಹಿಂಡತಾರವಾ?”

“ಹಿಂಡೂದಲ್ಲ ಆಯಿ. ಹಿಟ್ಟನ್ನ ಹುಳಿ ಬರಸಿ ಮಾಡತಾರ. ಸಾರ್‌ಡೋ ಅಂತಾರ. ಮದಿವ್ಯಾದ ಹೊಸದರಾಗ ಗೋವಾಕ್ಕ ಹೋದಾಗ ತಿಂದಿದ್ದೆ. ಮ್ಯಾಲೆ ಗಟ್ಟಿ, ಒಳಗ ಮೆತ್ತಗ. ಕಣ್ಣು ಮುಚ್ಚಿದ್ರ ಅದ ಬರತೈತಿ.”

ಫೋನಿನ ಮಾತು ಕೇಳಿಸಿಕೊಂಡ ನನ್ನ ಸೊಸೆ ರೇಣುಕಾಳ ಮುಖ ಬಿಳುಚಿತು. ಪಲ್ಲವಿಯ ತಾಯಿ ಇವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

“ಅತ್ತೀ, ಬಸುರಿ ಬಯಕಿ ತೀರಸಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತೈತ್ರಿ!”

“ರೇಣುಕಾ, ಯು ಆರ್ ಎ ಸೈನ್ಸ್ ಟೀಚರ್!”

“ವಿಜ್ಞಾನ ಬ್ಯಾರೆ, ಕಿವಿ ಬ್ಯಾರೆ ಅತ್ತಿ.”

ನಾನು ನಕ್ಕೆ. ನಕ್ಕ ಮೇಲೆ ನನಗೂ ಯಾಕೋ ಅಳುಕಾಯಿತು. ನಮ್ಮ ಅತ್ತೆ, ಅವರತ್ತೆ, ಎಲ್ಲರೂ ಹೇಳಿಕೊಂಡು ಬಂದ ಮಾತು. ಹುಟ್ಟಲಿರುವ ಮರಿಮಗುವಿನ ಕಿವಿಯ ಮೇಲೆ ಪ್ರಯೋಗ ಮಾಡಲು ಯಾರಿಗೆ ಧೈರ್ಯ ಬರುತ್ತದೆ? ಅದೇ ಸಂಜೆ ಗಂಗಾವತಿಯ ಬೇಕರಿಗಳನ್ನೆಲ್ಲ ಸುತ್ತಿದೆವು. ಖಾರಾ ಇತ್ತು, ದಿಲ್‌ಪಸಂದ್ ಇತ್ತು. ಹುಳಿ ಬ್ರೆಡ್ ಇರಲಿಲ್ಲ. ಕೊನೆಯ ಬೇಕರಿಯವನು ಬಹಳ ಸಭ್ಯ ಮನುಷ್ಯ.

“ಹುಳಿ ಬ್ರೆಡ್ ಇಲ್ರಿ ಅಮ್ಮಾರ. ಮೊನ್ನಿ ಬ್ರೆಡ್ ಐತಿ. ಇವತ್ತೊಂದು ದಿನ ಬಿಟ್ರ ನಾಳಿಗಿ ಹುಳಿ ಆಕ್ಕೈತಿ. ಪ್ಯಾಕ್ ಮಾಡ್ಲೇನ್ರಿ?”

ಐ ವಾಸ್ ಶಾಕ್ಡ್! ಅಲ್ಲಿಯೇ, ಬೇಕರಿಯ ಮೆಟ್ಟಿಲ ಮೇಲೆ ನಿಂತು ಘೋಷಿಸಿದೆ: “ಐ ವಿಲ್ ಮೇಕ್ ಇಟ್ ಮೈಸೆಲ್ಫ್!” ಪಲ್ಲವಿಯ ಕುಬಸ ಹತ್ತಿರ ಬಂದಿತ್ತು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತವರಿನವರು ಒಯ್ದ ಬುತ್ತಿ ಉಣಿಸುವ ಕಾರ್ಯ ಅದು. ಆ ಬುತ್ತಿಯಲ್ಲಿ ಕರ್ಜಿಕಾಯಿ, ಶೇಂಗಾ ಹೋಳಿಗೆಯ ಪಕ್ಕದಲ್ಲಿ ನಾನು ಮಾಡಿದ ಬ್ರೆಡ್ ಇರತಕ್ಕದ್ದು! ಬೀಗರು ಮೂಗಿನ ಮೇಲೆ ಬೆರಳು ಇಟ್ಟುಕೊಳ್ಳತಕ್ಕದ್ದು!

ಇಷ್ಟು ಧೈರ್ಯಕ್ಕೆ ಒಂದು ಕಾರಣವೂ ಇತ್ತು. ನಾನು ಬೋರ್ಡಿಂಗಿನಲ್ಲಿದ್ದಾಗ ಶನಿವಾರ ಶನಿವಾರ ನಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲಿ ಬ್ರೆಡ್ ಬೇಯುತ್ತಿತ್ತು. ಆ ವಾಸನೆ ಉದ್ದನೆಯ ವರಾಂಡ ದಾಟಿ ಕ್ಲಾಸಿಗೆ ಬಂತೆಂದರೆ ಲಾಂಗ್ ಡಿವಿಜನ್ ಎಲ್ಲಾ ಅಲ್ಲಿಗೇ ನಿಂತುಬಿಡುತ್ತಿತ್ತು. ಎರಡು ಜಡೆಯ ಹುಡುಗಿಯರು ಸಾಲಾಗಿ ನಿಂತು, ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತಿದ್ದೆವು. ಆ ಹುಡುಗಿಯರೆಲ್ಲ ಎಲ್ಲೆಲ್ಲಿ ಹೋದರೋ. ಕೆಲವರು ಇದ್ದಾರೋ ಇಲ್ಲವೋ. ಬ್ರೆಡ್ ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ ನಿಜ. ಆದರೆ ಅಷ್ಟು ವರ್ಷ ಮೂಸಿದ್ದೆನಲ್ಲ!

ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತಾ ಹೇಳಿಕೊಟ್ಟಳು. ಹಿಟ್ಟು-ನೀರು ಕಲಸಿಡಿ. ಗಾಳಿಯಲ್ಲಿರುವ, ಹಿಟ್ಟಿನಲ್ಲಿರುವ ಸೂಕ್ಷ್ಮ ಜೀವಿಗಳು ತಾವಾಗಿಯೇ ಬೆಳೆಯುತ್ತವೆ. ದಿನಾ ಅರ್ಧ ತೆಗೆದು ಚೆಲ್ಲಿ, ಉಳಿದ ಅರ್ಧಕ್ಕೆ ಹೊಸ ಹಿಟ್ಟು ಹಾಕಿ. ಇದಕ್ಕೆ ಫೀಡಿಂಗ್ ಎನ್ನುತ್ತಾರೆ. ಮುಚ್ಚಳ ಸಡಿಲ ಇರಲಿ. ಇಷ್ಟೇ.

ಬಾಟಲಿಯನ್ನು ಅಡುಗೆಮನೆಯ ಮೇಲಿನ ಹಲಗೆಯ ಮೇಲಿಟ್ಟೆ. ಮೊದಲೆರಡು ದಿನ ಅದು ಹಿಟ್ಟಾಗಿಯೇ ಉಳಿಯಿತು. ಆಮೇಲೆ ಒಂದು ಮುಂಜಾನೆ ನೋಡುತ್ತೇನೆ, ಅದರಲ್ಲಿ ಗುಳ್ಳೆ! ಒಂದು ಒಡೆದರೆ ಇನ್ನೊಂದು. ಜೀವ! ನನ್ನ ಕೈಯಿಂದ! ಈ ವಯಸ್ಸಿನಲ್ಲಿ!

“ರೀ, ಬರ್ರಿ ಇಲ್ಲೆ! ಇದು ಉಸಿರಾಡಾಕ ಹತ್ತೇತಿ!”

ನಮ್ಮವರು ಬಂದರು. ಇವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಜೀವಮಾನವೆಲ್ಲ ತುಂಗಭದ್ರೆಯನ್ನು ಅಳೆದ ಮನುಷ್ಯ, ನಿವೃತ್ತಿಯ ಮೇಲೆ ಅಳೆಯಲು ಏನೂ ಸಿಗದೆ ಸೊರಗಿದ್ದರು. ಬಾಟಲಿಯನ್ನು ನೋಡಿದ್ದೇ ಕಣ್ಣು ಮಿನುಗಿದವು. ಕನ್ನಡಕ ಹಾಕಿಕೊಂಡು, ಬಾಟಲಿಗೆ ಒಂದು ಪಟ್ಟಿ ಅಂಟಿಸಿ, ಗೆರೆ ಎಳೆದರು. ಅಂದಿನಿಂದ ಚಹಾಕ್ಕೆ ಮೊದಲು ನಮ್ಮ ಮನೆಯಲ್ಲಿ ಜಲಾಶಯದ ವರದಿ.

“ಮಟ್ಟ ಏರೇತಿ. ಒಳಹರಿವು ಛಲೋ ಐತಿ. ಹೊರಹರಿವು ಶೂನ್ಯ.”

ಹೊರಹರಿವು ಶೂನ್ಯವಿದ್ದುದಕ್ಕೆ ಕಾರಣ ರೇಣುಕಾ. ಅರ್ಧ ಹಿಟ್ಟನ್ನು ಚೆಲ್ಲಬೇಕೆಂದು ನಾನು ಚಮಚ ಎತ್ತಿದ್ದೇ ತಡ, ಬಂದು ನನ್ನ ಕೈ ಹಿಡಿದಳು.

“ಹಿಟ್ಟು ಚೆಲ್ಲತೀರೇನ್ರಿ ಅತ್ತಿ? ನಮ್ಮ ಹೊಲದ ಗೋಧಿ! ಬಸುರಿ ಸಲುವಾಗಿ ಮಾಡೂದು ಬ್ಯಾರೆ. ಲಕ್ಷ್ಮೀನ ತಿಪ್ಪಿಗೆ ಹಾಕಿದಂಗ ಆಗಲ್ಲೇನು?”

ನನಗೂ ಮನಸ್ಸಿರಲಿಲ್ಲ. ತಾಟಿನಲ್ಲಿ ಒಂದು ಅಗಳು ಬಿಟ್ಟರೆ ಕಾನ್ವೆಂಟಿನ ಸಿಸ್ಟರ್ ಊಟದ ಮನೆಯಲ್ಲಿ ನಿಲ್ಲಿಸುತ್ತಿದ್ದರು. ಇತ್ತ ಲಕ್ಷ್ಮಿ, ಅತ್ತ ಸಿಸ್ಟರ್. ನಡುವೆ ನಾನು ಚಮಚ ಕೆಳಗಿಟ್ಟೆ. ಚೆಲ್ಲುವುದು ಬೇಡ, ಇದ್ದುದಕ್ಕೆಲ್ಲ ಉಣಿಸೋಣ ಎಂದು ತೀರ್ಮಾನವಾಯಿತು.

ಇದ್ದಷ್ಟಕ್ಕೆ ಅಷ್ಟೇ ಹಿಟ್ಟು ಹಾಕಬೇಕು. ಮರುದಿನ ಅದು ಎರಡರಷ್ಟು. ಅದಕ್ಕೆ ಮತ್ತೆ ಅಷ್ಟು ಹಾಕಿದರೆ ಅದರ ಮರುದಿನ ನಾಲ್ಕರಷ್ಟು. ಕಾನ್ವೆಂಟಿನಲ್ಲಿ ಈ ಗಣಿತ ಕಲಿಸಿದ್ದರು. ಆದರೆ ಅದು ಹಲಗೆಯ ಮೇಲಿಂದ ಇಳಿದು ಬರುತ್ತದೆಂದು ಯಾರೂ ಹೇಳಿರಲಿಲ್ಲ! ಬಾಟಲಿಯಿಂದ ಡಬ್ಬಿಗೆ ಹೋಯಿತು. ಡಬ್ಬಿಯಿಂದ ಬೋಗುಣಿಗೆ ಬಂತು. ಒಂದು ಬೆಳಿಗ್ಗೆ ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಪ್ರಕಟಿಸಿದರು: “ನದಿ ಪಾತ್ರದ ಜನ ಸುರಕ್ಷಿತ ಜಾಗಕ್ಕ ಹೋಗಬೇಕು.”

ನೋಡಿದರೆ ಬೋಗುಣಿ ತುಂಬಿ, ಹಲಗೆ ದಾಟಿ, ಹಿಟ್ಟು ಕೆಳಗೆ ಇಳಿಯುತ್ತಿದೆ. ನದಿ ಪಾತ್ರದಲ್ಲಿ ಇದ್ದದ್ದು ಇಸ್ತ್ರಿ ಮಾಡಿಸಿಟ್ಟಿದ್ದ ಅವರದೇ ಧೋತರ!

“ಎಚ್ಚರಿಕಿ ಕೊಟ್ಟಿದ್ರೆಲ್ಲ, ಧೋತರ ಎತ್ತಾಕ ಏನಾಗಿತ್ತು?” ಎಂದೆ.

“ಎಚ್ಚರಿಕಿ ಕೊಡೂದು ನಮ್ಮ ಇಲಾಖೆ. ಎತ್ತೂದು ಕಂದಾಯ ಇಲಾಖೆ.”

ಉಕ್ಕಿದ್ದನ್ನು ಖರ್ಚು ಮಾಡಲೇಬೇಕಲ್ಲ. ತಾಲಿಪಟ್ಟು ಮಾಡಿದೆವು. ದೋಸೆ ಹೊಯ್ದೆವು. ಮತ್ತೆ ತಾಲಿಪಟ್ಟು. ಮನೆಯವರೆಲ್ಲ ಒಳಗಿಂದ ಹುಳಿ ಬಂದೆವು. ಕಡೆಗೆ ಪಕ್ಕದ ಮನೆಯ ಗೌರವ್ವನಿಗೆ ಒಂದು ಪಾತ್ರೆ ಕೊಟ್ಟೆ. ಎಮ್ಮೆ ಕಟ್ಟಿಕೊಂಡು ಹಾಲಿನ ವ್ಯಾಪಾರ ಮಾಡುವ ಗಟ್ಟಿ ಹೆಂಗಸು. ಬಾಯಿಯೂ ಗಟ್ಟಿ. ಮಧ್ಯಾಹ್ನ ಗೋಡೆಯಾಚೆಯಿಂದ ಅವಳ ದನಿ ಇಡೀ ಓಣಿಗೆ ಕೇಳಿಸಿತು.

“ಅಕ್ಕಾರ! ಹಿಟ್ಟಿನ ಮ್ಯಾಲ ನೀರು ನಿಂತಿತ್ತಲ್ರಿ, ಅದು ಏನ್ರಿ?”

“ಅದು ಹಂಗ ನಿಲ್ಲತೈತಿ ಗೌರವ್ವ. ಇಟ್ಸ್ ನ್ಯಾಚುರಲ್.”

“ಸೇಂದಿ ವಾಸನಿ ಬರತೈತ್ರಿ! ನಮ್ಮ ಎಮ್ಮಿಗೆ ಹಾಕಿದೆ. ಮೇವಿನ ಗ್ವಾದ್ಲಿಗೆ ತಲಿ ಆನಿಸಿ ನಿಂತೈತಿ. ಕರೆದ್ರ ಹೊಳ್ಳಿ ನೋಡವಲ್ದು. ನಿಮ್ಮ ಮನ್ಯಾಗ ಏನ್ ಇಳಸಾಕ ಹತ್ತೀರಿ ಅಕ್ಕಾರ?”

ಐ ವಾಸ್ ಶಾಕ್ಡ್! ಓಣಿಯಲ್ಲಿ ಎರಡು ಬಾಗಿಲು ತೆರೆದವು, ಮೂರು ಕಿಟಕಿ. ನಲವತ್ತು ವರ್ಷ ಸಂಭಾವಿತರಾಗಿ ಬಾಳಿದ ಮನೆತನ. ಎದುರಿನ ಕಟ್ಟೆಯ ಹಿರಿಯರೊಬ್ಬರು ಸಂಜೆ ನಮ್ಮವರನ್ನು ಪಕ್ಕಕ್ಕೆ ಕರೆದು, “ಡಾಕ್ಟರ್ ನನಗೂ ಸ್ವಲ್ಪ ತೊಗೊಳ್ಳಾಕ ಹೇಳ್ಯಾರ” ಅಂದರಂತೆ. ಎಮ್ಮೆ ಮರುದಿನ ಸರಿಹೋಯಿತು. ನಮ್ಮ ಹೆಸರು ಸರಿಹೋಗಲಿಲ್ಲ.

ಆದರೂ ನಾನು ಹಿಂಜರಿಯಲಿಲ್ಲ. ಕಿವಿಯ ಪ್ರಶ್ನೆ! ಪಲ್ಲವಿಗೆ ದಿನಾ ಫೋನ್ ಮಾಡಿ ಸುದ್ದಿ ಮುಟ್ಟಿಸುತ್ತಿದ್ದೆ. ಇವತ್ತು ಗುಳ್ಳೆ ದೊಡ್ಡದಾಗಿದೆ, ಇವತ್ತು ವಾಸನೆ ಹಣ್ಣಿನಂತಿದೆ, ಹೀಗೆ. ಅವಳು “ಹೌದಾ ಆಯಿ, ಭಾಳ ಛಲೋ ಆತು ಆಯಿ” ಅನ್ನುತ್ತಿದ್ದಳು. ಬಸುರಿಗೆ ಎಷ್ಟು ಸಂತೋಷವಾಗುತ್ತಿದೆ ಎಂದು ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಕುಬಸಕ್ಕೆ ಮೊದಲು ಒಂದು ರಿಹರ್ಸಲ್ ಆಗಲಿ ಎಂದು ಬ್ರೆಡ್ ಬೇಯಿಸಿದೆ. ನಮ್ಮ ಮನೆಯಲ್ಲಿ ಒವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಸೀಟಿ ತೆಗೆದು, ಒಳಗೆ ಹಿಟ್ಟಿನ ತಟ್ಟೆ ಇಟ್ಟೆ. ಸಿಸ್ಟರನ್ನು ನೆನೆದು ಕ್ರಾಸ್ ಮಾಡಿ, ಹೇಮಗುಡ್ಡದ ದುರ್ಗವ್ವನನ್ನು ನೆನೆದು ಕೈ ಮುಗಿದೆ. ಯಾರೂ ನೆರವಿಗೆ ಬರಲಿಲ್ಲ. ಹೊರಬಂದ ವಸ್ತುವಿನ ತಳ ಕಲ್ಲಿದ್ದಲು, ಮೈ ಸುಣ್ಣ. ನಮ್ಮವರು ಅದನ್ನು ಕೈಯಲ್ಲಿ ತೂಗಿ, ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದರು.

“ಕಾಂಕ್ರೀಟ್ ಗಟ್ಟಿ ಐತಿ. ಕ್ಯೂರಿಂಗ್ ಆಗಿಲ್ಲ. ಒಂದು ವಾರ ನೀರು ಹೊಡೀಬೇಕಾಗತೈತಿ.”

“ರೀ! ಇದು ಬ್ರೆಡ್!”

“ಗೊತ್ತಿರಲಿಲ್ಲ ಬಿಡು. ಮೊದಲ ಹೇಳಬೇಕಿಲ್ಲೋ.”

ಅಂದು ರಾಹು ಎಲ್ಲಿದ್ದನೋ, ನನಗೊಂದು ಬುದ್ಧಿ ಹೊಳೆಯಿತು. ಪಲ್ಲವಿಯ ಮದುವೆಗೆ ನಾವೇ ಒಂದು ಒವನ್ ಕೊಟ್ಟಿದ್ದೆವು. ಅದು ಹನುಮಸಾಗರದಲ್ಲಿದೆ. ಹಿಟ್ಟನ್ನು ಇಲ್ಲಿ ಕಲಸಿ, ದಾರಿಯಲ್ಲಿ ಉಬ್ಬಲು ಬಿಟ್ಟು, ಅಲ್ಲಿ ಇಳಿದ ಕೂಡಲೇ ಬೇಯಿಸಿದರೆ? ಕುಬಸದ ಪಂಕ್ತಿಯಲ್ಲಿ ಬಿಸಿ ಬಿಸಿ ಬ್ರೆಡ್! ಹೊಗೆಯಾಡುವ ಬ್ರೆಡ್! ವಾಟ್ ಎ ಪ್ಲ್ಯಾನ್!

ಕುಬಸದ ಬೆಳಿಗ್ಗೆ ಹುಳಿಹಿಟ್ಟನ್ನೆಲ್ಲ ಹೊಸ ಹಿಟ್ಟಿನೊಂದಿಗೆ ಸಡಿಲವಾಗಿ ಕಲಸಿದೆ. ಹಿಟ್ಟು ಸಡಿಲ ಇದ್ದಷ್ಟೂ ಬ್ರೆಡ್ ಹಗುರ ಎಂದು ಮೊಬೈಲಿನ ಹೆಣ್ಣುಮಗಳು ಹೇಳಿದ್ದಳು. ಅಷ್ಟನ್ನು ಹಿಡಿಸುವ ಪಾತ್ರೆ ನಮ್ಮ ಮನೆಯಲ್ಲಿ ಇರಲಿಲ್ಲ. ಗೌರವ್ವ ತನ್ನ ಅಲ್ಯುಮಿನಿಯಂ ಹಾಲಿನ ಕ್ಯಾನ್ ತಂದುಕೊಟ್ಟಳು. ಅವಳೂ ಕುಬಸಕ್ಕೆ ಬರುವವಳೇ. ಕ್ಯಾನಿಗೆ ಸುರಿದ ಮೇಲೆ ಸೆರಗಿನಿಂದ ಒಂದು ಬೆಲ್ಲದ ಹೆಂಟೆ ತೆಗೆದು ಒಳಗೆ ಹಾಕಿದಳು.

“ಶುಭಕಾರ್ಯಕ್ಕ ಹೊಂಟೈತಿ ಅಕ್ಕಾರ. ಬಾಯಿ ಸಿಹಿ ಮಾಡಿ ಕಳಸಬೇಕು.”

ಆಮೇಲೆ ಮುಚ್ಚಳ ಇಟ್ಟು, ಹಾಲು ತುಳುಕದಂತೆ ಮುಚ್ಚಿ ಅಭ್ಯಾಸವಾದ ಕೈಯಿಂದ ಗುದ್ದಿ ಗುದ್ದಿ ಬಿಗಿದಳು. ರೇಣುಕಾ ಅದರ ಮೇಲೆ ಹಸಿರು ರವಿಕೆ ಖಣ ಹೊದಿಸಿ, ಗಂಟು ಹಾಕಿ, ಕುಂಕುಮ ಹಚ್ಚಿದಳು. ಮುಚ್ಚಳ ಸಡಿಲ ಇರಬೇಕೆಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ಆದರೆ ಬಸುರಿಗೆ ಒಯ್ಯುವ ಬುತ್ತಿಯನ್ನು ಗಂಟು ಕಟ್ಟಿದ ಮೇಲೆ ಅವಳ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಬಿಚ್ಚಿದರೆ ಕಂಡವರ ದೃಷ್ಟಿ ಬೀಳುತ್ತದೆ. ಇದು ನಮ್ಮ ಮನೆತನದ ಶಾಸ್ತ್ರ. ಮಾತನ್ನು ನುಂಗಿಕೊಂಡೆ.

ಕ್ರೂಸರ್ ಗಾಡಿ ಹೊರಟಿತು. ಹೆಂಗಸರು, ಬುತ್ತಿ, ಬಳೆ, ಹೂವು, ನಡುವೆ ಮದುಮಗಳಂತೆ ಹಸಿರು ಉಟ್ಟ ಕ್ಯಾನು. ಕನಕಗಿರಿ ದಾಟುವ ಹೊತ್ತಿಗೆ ಬಿಸಿಲು ಗಾಡಿಯ ತಗಡನ್ನು ಹೆಂಚು ಮಾಡಿತ್ತು. ತಾವರಗೇರಾ ಬಂತು. ಗೌರವ್ವ ನನ್ನ ತೋಳು ಮುಟ್ಟಿದಳು.

“ಅಕ್ಕಾರ, ಕ್ಯಾನು ಮಾತಾಡಾಕ ಹತ್ತೇತ್ರಿ.”

ಕಿವಿ ಇಟ್ಟೆ. ಒಳಗೆ ಗುಳುಗುಳು. ನಡುನಡುವೆ ‘ಸುಯ್’ ಎಂಬ ನಿಟ್ಟುಸಿರು. ಮುಂದಿನ ಸೀಟಿನಿಂದ ನಮ್ಮವರು ತಿರುಗಿದರು. ಮುಖದಲ್ಲಿ ಸೇವೆಯ ದಿನಗಳ ಗಾಂಭೀರ್ಯ ಬಂದಿತ್ತು.

“ಒತ್ತಡ ಏರೇತಿ. ಗೇಟ್ ತಗೀರಿ. ಸ್ವಲ್ಪ ಹೊರಗ ಬಿಡ್ರಿ.”

“ಬ್ಯಾಡ್ರಿ ಮಾವಾರ!” ರೇಣುಕಾ ಕ್ಯಾನನ್ನು ತಬ್ಬಿಕೊಂಡಳು. “ದಾರ್ಯಾಗ ಬಿಚ್ಚಬಾರದು. ಇಷ್ಟು ಮಾಡಿ ಕಡೀಕ ಕೂಸಿಗೆ ದೃಷ್ಟಿ ಆಗಬೇಕೇನು?”

“ಏ, ನೀನರ ಹೇಳಾ,” ನಮ್ಮವರು ನನ್ನ ಕಡೆ ನೋಡಿದರು. “ಕಾನ್ವೆಂಟ್ ಓದಿದಾಕಿ.”

ಇಡೀ ಗಾಡಿ ನನ್ನನ್ನು ನೋಡಿತು. ಗಾಳಿಯ ಒತ್ತಡದ ಬಗ್ಗೆ ನಾನು ಇಂಗ್ಲಿಷಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಮಾರ್ಕ್ಸ್ ಕೂಡ ಬಿದ್ದಿದ್ದವು. ಆ ಗಾಡಿಯಲ್ಲಿ ಕುಳಿತು, ಆ ಕ್ಯಾನಿನ ಎದುರು, ವಿದ್ಯಾವಂತಳಾದ ನಾನು ಹೇಳಿದ್ದು ಇಷ್ಟು:

“ಕುಷ್ಟಗಿ ಬರ್ಲಿ, ನೋಡೂಣು.”

ಕುಷ್ಟಗಿ ಬಂತು, ಹೋಯಿತು. ಯಾರೂ ನೋಡಲಿಲ್ಲ. ಅಷ್ಟು ಹೊತ್ತಿಗೆ ಕ್ಯಾನಿನ ಸದ್ದೂ ನಿಂತಿತ್ತು. ನಿದ್ದೆ ಹೋಗಿರಬೇಕು ಎಂದು ಎಲ್ಲರಿಗೂ ಸಮಾಧಾನವಾಯಿತು. ಅದು ಉಸಿರು ಬಿಗಿ ಹಿಡಿದಿತ್ತು ಎಂದು ಈಗ ತಿಳಿಯುತ್ತದೆ.

ಹನುಮಸಾಗರದಲ್ಲಿ ಬೀಗರ ಮನೆಯ ಪಡಸಾಲೆ ತುಂಬಾ ಹೆಂಗಸರು. ಗೋಡೆಯ ಬದಿಗೆ ಹಾಕಿದ ಮಣೆಯ ಮೇಲೆ ಪಲ್ಲವಿ, ಹಸಿರು ಸೀರೆಯಲ್ಲಿ, ಚಿಕ್ಕಂದಿನಲ್ಲಿ ನನ್ನ ತೊಡೆಯ ಮೇಲೆ ಕುಳಿತಾಗಿನ ಅದೇ ಮುಖ ಹೊತ್ತು. ಬಯಕೆ ತೀರುವ ಗಳಿಗೆ ಬಂತಲ್ಲ! ಸೀದಾ ಅಡುಗೆಮನೆಗೆ ಹೋಗಿ ಒವನ್ ಎಲ್ಲಿದೆ ಎಂದು ಕೇಳಿದೆ. ಪಲ್ಲವಿಯ ಅತ್ತೆ ಶಾಂತವ್ವ ಹೆಮ್ಮೆಯಿಂದ ತೋರಿಸಿದರು. ಒವನ್ ತುಂಬಾ ಒಣಗಿಸಿಟ್ಟ ಕಟಕ ರೊಟ್ಟಿಗಳು.

“ಭಾಳ ಛಲೋ ಪೆಟ್ಟಿಗಿ ಕೊಟ್ಟೀರಿ ಆಯಿಯವ್ರ. ಇರಿವಿ ಹೋಗಂಗಿಲ್ಲ. ಗಾಜಿನ ಬಾಗ್ಲಾ ಬ್ಯಾರೆ. ಎಷ್ಟು ರೊಟ್ಟಿ ಉಳದಾವ ಅಂತ ಹೊರಗ ನಿಂತ ನೋಡಬಹುದು.”

“ಇದರ ವೈರು?”

“ಅರಿವಿ ಒಣ ಹಾಕಾಕ ಕಟ್ಟೀವ್ರಿ.”

ಐ ವಾಸ್ ಬಿಯಾಂಡ್ ಶಾಕ್ಡ್! ಏನಾದರೂ ಹೇಳುವ ಮೊದಲೇ ಪಡಸಾಲೆಯಿಂದ ಕರೆ ಬಂತು. ಆರತಿಯಾಗಿತ್ತು, ಬುತ್ತಿ ಬಿಚ್ಚುವ ಹೊತ್ತು. ಶಾಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಬಂದು ನಿಂತರು.

“ಮೊದಲ ಆಯಿಯವ್ರ ಬುತ್ತಿ ಬಿಚ್ಚೂಣು. ಮುದುಕಿ ಜೀವ, ಮೊಮ್ಮಗಳ ಸಲುವಾಗಿ ವಾರಗಟ್ಟಲೆ ಒದ್ದ್ಯಾಡೇತಿ.”

ಖಣದ ಗಂಟು ಬಿಚ್ಚಿತು. ಮುಚ್ಚಳ ಬರಲಿಲ್ಲ. ಗೌರವ್ವ ಬಿಗಿದ ಮುಚ್ಚಳ! ಶಾಂತವ್ವ ಕ್ಯಾನನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಬಗ್ಗಿ, ಎಳೆದರು. ಬಾಗಿಲಿನ ಹೊರಗಿನಿಂದ ನಮ್ಮವರ ದನಿ ಕೇಳಿಸಿತು: “ಬೀಗ್ತಿಯವ್ರ, ಪಕ್ಕಕ್ಕ ನಿಂತು ತಗೀರಿ!”

ನಿವೃತ್ತರ ಎಚ್ಚರಿಕೆಯನ್ನು ಯಾರು ಕೇಳುತ್ತಾರೆ?

ಢಮ್!

ಮುಚ್ಚಳ ಮೊದಲು ಹೋಯಿತು. ಹಿಟ್ಟು ಅದನ್ನು ಹಿಂಬಾಲಿಸಿತು. ಬರೀ ಮೇಲೆ ಹೋಗಿ ಕೆಳಗೆ ಬಿದ್ದಿದ್ದರೆ ಶಾಂತವ್ವನವರ ಇಳಕಲ್ ಸೀರೆಯೊಂದಕ್ಕೇ ಮುಗಿಯುತ್ತಿತ್ತು. ಆದರೆ ಮೇಲೆ ಫ್ಯಾನು ತಿರುಗುತ್ತಿತ್ತು. ಫುಲ್ ಸ್ಪೀಡಿನಲ್ಲಿ!

ಕ್ಷಣಾರ್ಧದಲ್ಲಿ ಪಡಸಾಲೆಯ ಪ್ರತಿಯೊಬ್ಬ ಮುತ್ತೈದೆಗೂ ಪಕ್ಷಪಾತವಿಲ್ಲದೆ ಹಿಟ್ಟು ಹಂಚಿಕೆಯಾಯಿತು. ಜಡೆಗೆ, ಮೂಗುತಿಗೆ, ಆರತಿ ತಟ್ಟೆಗೆ, ಗೋಡೆಯ ಮೇಲಿನ ಹಿರಿಯರ ಫೋಟೋಗಳಿಗೆ. ಬೀಗರ ಅಜ್ಜನವರ ಫೋಟೋಕ್ಕೆ ಹೊಸದಾಗಿ ಬಿಳಿ ಮೀಸೆ ಬಂದಿತ್ತು. ಗೋಡೆಯ ಬದಿ ಕುಳಿತಿದ್ದ ಪಲ್ಲವಿಗೆ ಮಾತ್ರ, ದೃಷ್ಟಿಬೊಟ್ಟಿನಂತೆ, ಕೆನ್ನೆಯ ಮೇಲೆ ಒಂದೇ ಒಂದು ಚುಕ್ಕೆ. ಸೋಬಾನೆ ಹಾಡುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅದರೊಳಗೂ ಸ್ವಲ್ಪ ಹೋಗಿತ್ತು.

ಫ್ಯಾನು ಮಾತ್ರ ‘ಟಪ್, ಟಪ್’ ಎಂದು ಉಳಿದದ್ದನ್ನು ಬಡಿಸುತ್ತಿತ್ತು.

ಬೀಗರ ಮರ್ಯಾದೆ ಹೋಯಿತು, ನಮ್ಮದೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮಗುವಿನ ಕಿವಿ! ಬಯಕೆ ತೀರಲೇ ಇಲ್ಲವಲ್ಲ! ಪಲ್ಲವಿಯ ಮುಂದೆ ಕುಕ್ಕರಿಸಿ, ಅವಳ ಕೈ ಹಿಡಿದು ಅತ್ತುಬಿಟ್ಟೆ.

“ಸಾರಿ, ಮೈ ಚೈಲ್ಡ್. ನಿನಗ ಬ್ರೆಡ್ ತಿನಸಾಕ ಆಗಲಿಲ್ಲ. ಬಯಕಿ ಹಂಗ ಉಳೀತು.”

ಪಲ್ಲವಿ ತುಟಿ ಕಚ್ಚಿಕೊಂಡು ನೆಲ ನೋಡಿದಳು.

“ಆಯಿ, ಬೈಬ್ಯಾಡ. ಆ ಬಯಕಿ ಹೋಗಿ ಭಾಳ ದಿನ ಆತು.”

“ಏನಂದಿ?”

“ನಿನಗ ಫೋನ್ ಮಾಡಿದೆನೆಲ್ಲ, ಅದರ ಮರದಿನಾನ ಮಿರ್ಚಿ ಭಜಿ ತಿನಬೇಕು ಅನಿಸ್ತು. ಅತ್ತಿ ತರಿಸಿಕೊಟ್ರು. ತಿಂದೆ. ಆಮ್ಯಾಲೆ ಬ್ರೆಡ್ ನೆನಪಾಗಲಿಲ್ಲ. ಈಗ ಹುಳಿ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ.”

“ಮತ್ತ ದಿನಾ ಫೋನಿನ್ಯಾಗ ಭಾಳ ಛಲೋ ಆತು ಅಂತಿದ್ದೆಲ್ಲೇ!”

“ನೀ ಅಷ್ಟು ಖುಷೀಲೆ ಹೇಳತಿದ್ದಿ ಆಯಿ. ಗುಳ್ಳಿ ಬಂತು, ಉಸಿರಾಡ್ತು ಅಂತ. ಬ್ಯಾಡ ಅನ್ನಾಕ ಮನಸಾಗಲಿಲ್ಲ.”

ಐ ವಾಸ್... ಬಿಡಿ, ಆ ಶಬ್ದ ಸಾಲದು.

ಆಗ ಶಾಂತವ್ವ ಕಣ್ಣಿನ ಮೇಲಿನ ಹಿಟ್ಟನ್ನು ಎರಡು ಬೆರಳಿನಿಂದ ಸರಿಸಿ ನನ್ನನ್ನು ದಿಟ್ಟಿಸಿದರು. ಈಗ ಬೈಗಳು ಬಂತು ಎಂದು ತಲೆ ತಗ್ಗಿಸಿದೆ. ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಭುಜ. ಆಮೇಲೆ ಆ ದೊಡ್ಡ ದೇಹವೆಲ್ಲ.

“ಎವ್ವಾ! ಬಯಕಿ ಬಸುರಿದಲ್ಲ, ಈ ಮುದುಕಿದು! ವಾರಗಟ್ಟಲೆ ಬಯಸ್ಯಾರ, ಬಯಕಿ ತೀರಸದ ಕಳಿಸಿದ್ರ ನಮ್ಮ ಮನಿಗೆ ಛಲೋ ಅಲ್ಲ. ಏ ಪಲ್ಲವಿ, ಜರಾ ಸರಿ. ಕೂಡ್ರಸ್ರಿ ಆಯಿಯವ್ರನ್ನ ಮಣಿ ಮ್ಯಾಲೆ!”

“ನೋ, ನೋ! ಬ್ಯಾಡ್ರಿ! ಪ್ಲೀಸ್!”

ಹಿಟ್ಟು ಮೆತ್ತಿದ ಅಷ್ಟು ಜನ ಹೆಂಗಸರು ಒಮ್ಮೆ ನಿರ್ಧರಿಸಿದರೆ ನನ್ನ ಪ್ಲೀಸನ್ನು ಯಾರು ಕೇಳುತ್ತಾರೆ? ಮೊಮ್ಮಗಳ ಪಕ್ಕದಲ್ಲಿ ನನ್ನನ್ನು ಕೂಡ್ರಿಸಿದರು. ಉಡಿಗೆ ತೆಂಗಿನಕಾಯಿ, ಅಕ್ಕಿ. ಉಳಿದಿದ್ದ ಹಸಿರು ಬಳೆಗಳನ್ನು, ಸಣ್ಣ ಅಳತೆಯವು, ಗೌರವ್ವ ಸಾಬೂನು ಹಚ್ಚಿ ನನ್ನ ಕೈಗೆ ಏರಿಸಿದಳು. ಎಮ್ಮೆ ಕರೆದ ಕೈ, ಏರಿಸಿಯೇ ಬಿಟ್ಟಳು! ಸೋಬಾನೆಯ ಪದ ಮತ್ತೆ ಶುರುವಾಯಿತು, ಈ ಸಲ ನನ್ನ ಹೆಸರು ಸೇರಿಸಿ. ಹಾಡು ಹೊರಗಿನ ಕಟ್ಟೆಗೆ ಕೇಳಿಸಿರಬೇಕು. ಗಂಡಸರು ಒಬ್ಬೊಬ್ಬರಾಗಿ ಎದ್ದು ಬಂದು ನಮ್ಮವರ ಕೈ ಕುಲುಕು‌ತ್ತಿದ್ದರಂತೆ. ಜೀವನದಲ್ಲಿ ಮೊದಲ ಸಲ ಅವರ ಬಳಿ ವರದಿ ಮಾಡಲು ಏನೂ ಇರಲಿಲ್ಲ.

ಕ್ಯಾನಿನ ತಳದಲ್ಲಿ ಉಳಿದಿದ್ದ ಹಿಟ್ಟನ್ನು ಶಾಂತವ್ವ ಹೆಂಚಿನ ಮೇಲೆ ದಪ್ಪಗೆ ಹರಡಿ ಬೇಯಿಸಿ ತಂದರು. ಮೇಲೆ ಒಂದು ಮುದ್ದೆ ಬೆಣ್ಣೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದೆ. ಉದ್ದನೆಯ ವರಾಂಡ ನೆನಪಾಯಿತು, ಎರಡು ಜಡೆಯ ಸಾಲು ನೆನಪಾಯಿತು. ಒಂದು ತುತ್ತು ಬಾಯಿಗಿಟ್ಟೆ.

ಇದು ಅದಲ್ಲ! ನಮ್ಮ ಕಾನ್ವೆಂಟಿನ ಬ್ರೆಡ್ ಸಿಹಿ ಇತ್ತು, ಹತ್ತಿಯಂತೆ ಮೆತ್ತಗಿತ್ತು. ಅದಕ್ಕೆ ಹುಳಿಯ ಗಾಳಿಯೂ ಸೋಕಿರಲಿಲ್ಲ. ಅಂದರೆ ಹುಳಿ ಬ್ರೆಡ್ ಎಂಬುದನ್ನು ನಾನು ಹುಟ್ಟಿದಾರಭ್ಯ ತಿಂದೇ ಇರಲಿಲ್ಲ. ಕಾನ್ವೆಂಟಿನಲ್ಲಿ ಅದರ ವಾಸನೆಯನ್ನೂ ಮೂಸಿರಲಿಲ್ಲ!

“ತೀರ್ತೇನ್ರಿ ಬಯಕಿ?” ಶಾಂತವ್ವ ಕೇಳಿದರು.

“ತೀರ್ತು” ಎಂದೆ. ಅದೊಂದು ಮಾತು ಮಾತ್ರ ಸತ್ಯ. ಇನ್ನು ಈ ಜನ್ಮಕ್ಕೆ ಆ ಬಯಕೆ ಇಲ್ಲ.

ಗಂಗಾವತಿಗೆ ಬಂದು ಎಣ್ಣೆ ಹಚ್ಚಿದೆ, ಸಾಬೂನು ಹಚ್ಚಿದೆ, ಬಳೆಗಳು ಇಳಿಯಲಿಲ್ಲ. ಒಡೆಯೋಣವೆಂದರೆ ಕುಬಸದ ಬಳೆ ಒಡೆಯಬಾರದು ಎಂದು ವಿಜ್ಞಾನದ ಸೊಸೆ ಅಡ್ಡ ಬಂದಳು. ಹಾಗೇ ಹಾಕಿಕೊಂಡು ಬಾಗಿಲಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದೆ. ಕಾಯಿಪಲ್ಲೆ ಮಾರುವವಳು ನನ್ನ ಮೊಣಕೈವರೆಗಿನ ಹಸಿರನ್ನು ನೋಡಿ, “ಯಾರದ್ರಿ ಅಮ್ಮಾರ ಕುಬಸ?” ಎಂದು ಕೇಳಿದಳು.

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ.

“ನಂದ ಇತ್ತವಾ” ಎಂದೆ.

ಅವಳು ತಕ್ಕಡಿ ಕೆಳಗಿಟ್ಟಳು.